ವಿಶ್ವವಿದ್ಯಾಲಯಕ್ಕೆ ಹೋದ ಮಣ್ಣೆತ್ತು

ಆ ವರ್ಷ ಮಳೆ ಮಣ್ಣೆತ್ತಿನ ಅಮಾವಾಸ್ಯೆಗೆ ಮೊದಲೇ ಬಂದಿತ್ತೋ, ನಂತರ ಬಂದ ಮಳೆಯನ್ನು ಹೇಳಲು ಅನುಕೂಲವಾಗಲೆಂದು ನಾನೇ ಹಿಂದಕ್ಕೆ ಜರುಗಿಸಿಕೊಂಡಿದ್ದೇನೋ, ಈಗ ಖಾತ್ರಿಯಾಗಿ ಹೇಳಲಾರೆ. ವರ್ಷವೂ ಅಷ್ಟೇ. ಎಪ್ಪತ್ತರ ದಶಕದ ಕೊನೆ ಎಂಬುದಷ್ಟೇ ನಿಜ. ಎತ್ತಿನ ಕಣ್ಣಿಗೆ ಇಟ್ಟದ್ದು ಜೋಳದ ಕಾಳೆಂದು ನನ್ನ ನೆನಪು, ಗುಲಗಂಜಿ ಎಂದು ಆಮೇಲೆ ಎತ್ತನ್ನು ನೋಡಿದ ನಮ್ಮ ಅವ್ವನ ನೆನಪು. ನಾನು ಆಗಲೇ ದಿನಚರಿ ಬರೆಯುತ್ತಿದ್ದವಳು. ಆದರೆ ಅದರಿಂದ ಉಪಯೋಗವಿಲ್ಲ. ಆ ದಿನದ ಪುಟದಲ್ಲಿ ಇರುವುದು ಒಂದೇ ಸಾಲು: ‘ಅತ್ತೆಯ ಮೇಲೆ ವಿಪರೀತ ಸಿಟ್ಟು ಬಂತು.’ ನನಗೆ ನೆನಪಿರುವುದು ಮಾತ್ರ ನಗು, ಕೆರೆ ಏರಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತು ನಕ್ಕದ್ದು. ಸಿಟ್ಟು ಬೆಳಗಿನದು, ನಗು ಮರುದಿನ ಸಂಜೆಯದು ಎಂದು ಎರಡನ್ನೂ ಉಳಿಸಿಕೊಂಡಿದ್ದೇನೆ.

ಆಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕೊನೆಗೊಂದು ಸಣ್ಣ ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಜೊತೆಯವರೆಲ್ಲ ಬಾಟಲಿಗಳಲ್ಲಿ ಮುಚ್ಚಳ ಹಾಕಿಕೊಂಡು ಬರುವ ವಸ್ತುಗಳನ್ನು ಆರಿಸಿಕೊಂಡರು. ನಾನು ನಮ್ಮೂರ ಕೆರೆಯ ಹೂಳನ್ನು ಆರಿಸಿಕೊಂಡೆ. ಊರ ಮೇಲಿನ ಪ್ರೀತಿ ಎಂದು ಆಮೇಲೆ ಹೇಳಿಕೊಂಡಿದ್ದೇನೆ. ಬೇಸಿಗೆಯಲ್ಲಿ ಹಾಸ್ಟೆಲ್ ಊಟ ತಪ್ಪಿಸಿಕೊಂಡು ಮನೆಯಲ್ಲಿರಬಹುದು ಎಂಬ ಆಸೆಯೂ ಇತ್ತು, ಬಹುಶಃ ಅದೇ ಹೆಚ್ಚು.

ನಮ್ಮೂರು ಹಗರಿಬೊಮ್ಮನಹಳ್ಳಿ ತಾಲೂಕಿನದು, ಕೋಗಳಿಗೆ ಹತ್ತಿರ. ನಮ್ಮ ಕೆರೆಗೆ ಬರುವ ಹಳ್ಳ ಒಂದಷ್ಟು ದೂರ ಕೆಂಪು ಮಸಾರಿ ಹೊಲಗಳನ್ನು ತೊಳೆದುಕೊಂಡು, ಇನ್ನೊಂದಷ್ಟು ದೂರ ಕಪ್ಪು ಎರೆ ಹೊಲಗಳನ್ನು ತೊಳೆದುಕೊಂಡು ಬರುತ್ತದೆ. ಕೆರೆಯೊಳಗೆ ನುಗ್ಗಿದ ಕೂಡಲೇ ನೀರಿನ ಸೊಕ್ಕು ಇಳಿಯುತ್ತದೆ. ಮೊದಲು ಮರಳು ಕೆಳಗೆ ಬೀಳುತ್ತದೆ. ಸ್ವಲ್ಪ ಒಳಗೆ ನವಿರು ಮಣ್ಣು ಕೂರುತ್ತದೆ. ಎಲ್ಲಕ್ಕಿಂತ ಸಣ್ಣದಾದ ಜೇಡಿ, ನೀರು ಪೂರ್ತಿ ನಿಂತ ಮೇಲೆ, ದೂರದ ತೂಬಿನ ಹತ್ತಿರ ನಿಧಾನವಾಗಿ ತಳ ಸೇರುತ್ತದೆ. ಈ ಜೇಡಿಯ ಕಣ ಎಷ್ಟು ಸಣ್ಣದೋ ಅದಕ್ಕೆ ಅಂಟಿಕೊಳ್ಳುವ ಸರಕು ಅಷ್ಟು ಹೆಚ್ಚು: ರಂಜಕ, ಪೊಟ್ಯಾಸಿಯಂ, ಸುಣ್ಣದಂಶ, ಕೊಳೆತ ಎಲೆ ಬೇರಿನ ಅಂಶ. ಹಾಗಾದರೆ ಹಳ್ಳದ ಬಾಯಿಯಿಂದ ತೂಬಿನವರೆಗೆ ನಡೆದುಕೊಂಡು ಹೋದರೆ ಮಣ್ಣಿನೊಳಗಿನ ಈ ಸತ್ವ ಹೇಗೆ ಏರುತ್ತಾ ಹೋಗುತ್ತದೆ? ಅದೇ ನನ್ನ ಪ್ರಬಂಧ.

ಹೂಳಿಗೆ ನಮ್ಮ ಕಡೆ ಗೋಡು ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ತೋಡಿ ಗಾಡಿ ತುಂಬಿ ಹೊಲಕ್ಕೆ ಹೊಡೆಯುವುದು ದೊಡ್ಡ ಸಡಗರ. ನಾನು ಅಗೆಯುವ ಸಲಿಕೆ, ಹಳೇ ಧೋತರದ ತುಂಡುಗಳನ್ನು ಹಿಡಿದುಕೊಂಡು ಕೆರೆಯಂಗಳಕ್ಕೆ ಇಳಿದಾಗ ಗಾಡಿಗಳು ಸಾಲಾಗಿ ನಿಂತಿದ್ದವು. ಮೇಲಿನ ಬಿರುಕು ಬಿಟ್ಟ ಚಕ್ಕೆ ತೆಗೆದು, ಮೊಳಕೈ ಆಳ ತೋಡಿ, ಅಲ್ಲಿಂದ ಒಂದೆರಡು ಬೊಗಸೆ ಮಣ್ಣು ಎತ್ತಿ ಬಟ್ಟೆಗೆ ಹಾಕಿಕೊಳ್ಳುವುದು ನನ್ನ ಕೆಲಸ. ಗಾಡಿಯ ಮೇಲಿಂದ ಒಬ್ಬರು ಕೂಗಿದರು:

“ಯವ್ವಾ, ನಾವು ಗಾಡಿಗಟ್ಲೆ ಒಯ್ತೀವಿ, ನೀ ಬೊಗಸಿಗಟ್ಲೆ ಒಯ್ತೀಯಲ್ಲ. ಎಲ್ಲಿ ಐತಿ ಹೊಲ? ತೆಂಗಿನ ಚಿಪ್ಪಿನಾಗೇನು?”

“ಇಲ್ರಿ, ಪರೀಕ್ಷೆಗೆ.”

“ಮಣ್ಣಿಗೂ ಪರೀಕ್ಷಿ ಬಂತೇನ್ಲೇ!” ಎಂದು ಅವರು ತಮ್ಮ ಎತ್ತಿಗೇ ಹೇಳಿದರು. “ಫೇಲಾದ್ರ ನಮ್ಮ ಹೊಲಕ್ಕ ಕಳಿಸವ್ವಾ, ನಮ್ಮಲ್ಲಿ ಎಲ್ಲಾರೂ ಫೇಲಾದೋರೇ.”

ತೂಬಿನ ಹತ್ತಿರದ ಮಣ್ಣು ತೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮೇಲಿನ ಚಕ್ಕೆಯ ಕೆಳಗೆ ಅದು ಕಪ್ಪಗೆ, ಬೆಣ್ಣೆಯಂತೆ ಇತ್ತು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಗಾಳಿಯಾಡದ ತಳದಲ್ಲಿ ಕಬ್ಬಿಣ ಗಂಧಕದ ಜೊತೆ ಸೇರಿ ಹಾಗೆ ಕಪ್ಪಾಗುತ್ತದೆ. ಬಿಸಿಲಿಗೆ ಬಂದ ಮೇಲೆ ಅಂಚಿನಿಂದ ಶುರುವಾಗಿ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು. ಪುಸ್ತಕದಲ್ಲಿ ಸಮೀಕರಣವಾಗಿ ಬಾಯಿಪಾಠ ಮಾಡಿದ್ದನ್ನು ನನ್ನ ಅಂಗೈಯಲ್ಲೇ ನೋಡಿದೆ. ಆ ಖುಷಿಗೆ ಅಲ್ಲಿಯೇ ಕೂತು ಪೂರ್ತಿ ಬಣ್ಣ ತಿರುಗುವವರೆಗೂ ಕಾದೆ. ಮನೆಗೆ ಹೋದಾಗ ಅತ್ತೆ, “ಕೆರಿಯಾಗ ಮನಿ ಕಟ್ಟಿದೇನು?” ಎಂದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಅವಳ ಗಂಡನ ಮನೆ ಅದೇ ಊರಿನ ಪಕ್ಕದ ಓಣಿ. ಅಪ್ಪ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಗುಮಾಸ್ತ, ಅಲ್ಲೇ ಕೋಣೆ ಮಾಡಿಕೊಂಡು ಭಾನುವಾರಕ್ಕೆ ಬರುತ್ತಿದ್ದರು. ಅವ್ವ ಆ ಬೇಸಿಗೆ ತನ್ನ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಹರಪನಹಳ್ಳಿ ತಾಲೂಕಿನ ಅರಸೀಕೆರೆಗೆ ಹೋಗಿದ್ದಳು. ಹಾಗಾಗಿ ನಮ್ಮ ಮನೆಯ ಒಲೆ, ಕೀಲಿಕೈ, ನಾನು, ಮೂರೂ ಅತ್ತೆಯ ಸುಪರ್ದಿಗೆ ಬಂದಿದ್ದೆವು.

ನಾಲ್ಕು ಜಾಗದ ಮಣ್ಣನ್ನು ನಡುಮನೆಯ ಮೂಲೆಯಲ್ಲಿ, ಒಗೆದ ನಾಲ್ಕು ಬಟ್ಟೆಗಳ ಮೇಲೆ ನೆರಳಲ್ಲಿ ಹರವಿದೆ. ಹಳ್ಳದ ಬಾಯಿಯದು, ಅದರ ಒಳಗಿನದು, ನಡುಗೆರೆಯದು, ತೂಬಿನದು. ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಗುರುತು ಬರೆದ ಚೀಟಿ ಇಟ್ಟೆ. ದಿನವೂ ಸ್ನಾನ ಮಾಡಿ ಬಂದು ಕೂತು ಹರಳು, ಬೇರು, ಬಸವನಹುಳದ ಚಿಪ್ಪು ಆರಿಸಿ ತೆಗೆಯುತ್ತಿದ್ದೆ. ನನ್ನ ಬಳಿ ಸಣ್ಣ ಬಾಟಲಿಯಲ್ಲಿ ನೀರು ಬೆರೆಸಿದ ಆಮ್ಲ ಇತ್ತು. ಆ ಚಿಪ್ಪಿನ ಮೇಲೆ ಒಂದು ಹನಿ ಬಿಟ್ಟರೆ ಸುಯ್ಯೆಂದು ನೊರೆ ಬರುತ್ತಿತ್ತು, ಅದರಲ್ಲಿ ಸುಣ್ಣದಂಶ ಇದೆ ಎಂದು ಅರ್ಥ. ಅತ್ತೆ ಅದನ್ನು ಒಮ್ಮೆ ನೋಡಿದಳು, ಮುಗಿಯಿತು.

“ಏ, ಗೋಲಿ ಸೋಡಾ ಆತಲ್ಲೇ! ಇದಕ್ಕ ಬಿಡು ನೋಡೂನು,” ಎಂದು ಒಲೆಯ ಬೂದಿ ತಂದಳು. ಬೂದಿಯೂ ನೊರೆ ಬಿಟ್ಟಿತು. ಎಲೆ ಅಡಿಕೆಯ ಸುಣ್ಣದ ಡಬ್ಬಿಯ ಅಂಚಿನಲ್ಲಿ ಒಣಗಿದ್ದೂ ಬಿಟ್ಟಿತು. ಉಪ್ಪು ಬಿಡಲಿಲ್ಲ, ಅದಕ್ಕೆ ಅವಳಿಗೆ ನಿರಾಸೆ. “ಬೂದಿಗಿರೋ ಪೌರುಷ ಉಪ್ಪಿಗಿಲ್ಲ ನೋಡು,” ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ನನ್ನ ಅರ್ಧ ಬಾಟಲಿ ಆ ಮಧ್ಯಾಹ್ನ ಖರ್ಚಾಯಿತು.

ಮಣ್ಣು ಒಣಗುತ್ತಾ ಬಂತು. ತೇವ ಹಿಡಿಯದಂತೆ ಕಟ್ಟಲು ಪ್ಲಾಸ್ಟಿಕ್ ಚೀಲ ಬೇಕಿತ್ತು. ಆಗ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಕೂಡ್ಲಿಗಿಗೆ ಬಾ, ಕೊಡಿಸುತ್ತೇನೆ ಎಂದು ಅಪ್ಪ ಹೇಳಿದ್ದರಿಂದ ಹೋದೆ. ಹೋದ ಸಂಜೆಯೇ ಮಳೆ ಹಿಡಿಯಿತು. ಮುಂಗಾರಿನಲ್ಲಿ ನಮ್ಮ ಕಡೆ ಅಂಥ ಮಳೆ ಅಪರೂಪ. ಹಳ್ಳ ಬಂದು ಬಸ್ಸು ನಿಂತವು. ಅಪ್ಪನ ಕೋಣೆಯಲ್ಲಿ ಕೂತು, ಹೆಂಚಿನ ಸದ್ದು ಕೇಳುತ್ತಾ, ಸಕಾಲಕ್ಕೆ ಮಣ್ಣು ತೆಗೆದಿಟ್ಟ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಕೆರೆಗೆ ನೀರು ಬಂದರೆ ಮೊದಲು ಮುಳುಗುವುದು ತೂಬಿನ ತಗ್ಗು. ಆ ಮಣ್ಣು ನನ್ನ ಮನೆಯಲ್ಲಿದೆ.

ಬಸ್ಸು ಬಿಟ್ಟ ದಿನ ಊರಿಗೆ ಬಂದಿಳಿದರೆ ಅಮಾವಾಸ್ಯೆ. ಮನೆಯೊಳಗೆ ಕಡುಬಿನ ವಾಸನೆ. ದೇವರ ಗೂಡಿನ ಮುಂದೆ ಮಣೆಯ ಮೇಲೆ ಎರಡು ಎತ್ತುಗಳು ಕೂತಿದ್ದವು. ಅಂಥ ಎತ್ತುಗಳನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆಗಲ ಮೇಲೆ ಡುಬ್ಬವಾಗಿ ಎತ್ತಿದ ಹಿಣಿಲು, ತಿರುಗಿದ ಕೋಡು, ಕೊರಳ ತೊಗಲಿನ ಮಡಿಕೆ ಕೂಡ. ಮೇಲೆ ತೆಳ್ಳಗೆ ಸುಣ್ಣ ಬಳಿದು ಹತ್ತಿಯ ಹಾರ ಹಾಕಿತ್ತು. ಮುಂದೆ ಅವು ಮೇಯಲೆಂದು ಮಣ್ಣಿನದೇ ಗ್ವಾದಲಿ.

ಎತ್ತುಗಳನ್ನು ಹೊಗಳುತ್ತಲೇ ಮೂಲೆಗೆ ತಿರುಗಿದೆ. ಹಳ್ಳದ ಬಾಯಿಯ ಮಣ್ಣು ಇತ್ತು. ಒಳಗಿನದು ಇತ್ತು. ನಡುಗೆರೆಯದು ಅರ್ಧ ಇತ್ತು. ತೂಬಿನ ಬಟ್ಟೆ ಮಡಿಚಿ ಇಟ್ಟಿತ್ತು.

“ಅತ್ತೀ, ಇಲ್ಲಿದ್ದ ಮಣ್ಣೆಲ್ಲಿ?”

“ಕಣ್ಣು ಕಾಣವಲ್ವೇನು? ಅಲ್ಲಿ ಕುಂತಾವಲ್ಲ!”

ಹಬ್ಬಕ್ಕೆ ಮೊದಲು ಮನೆಯ ಹೆಣ್ಣುಮಗಳು ಕೆರೆಗೆ ಹೋಗಿ ಮಣ್ಣು ತಂದು, ಹರಳು ಆರಿಸಿ, ಒಗೆದ ಬಟ್ಟೆಯ ಮೇಲೆ ಇಟ್ಟಿರುವುದು ನಮ್ಮಲ್ಲಿ ಪದ್ಧತಿ. ನಾನು ಮಾಡಿದ್ದು ಚಾಚೂ ತಪ್ಪದೆ ಅದೇ. ಸ್ನಾನ ಮಾಡಿಯೇ ಮುಟ್ಟುತ್ತಿದ್ದೆ ಬೇರೆ, ಅದು ಸೆಕೆಗೆ ಮಾಡುತ್ತಿದ್ದ ಸ್ನಾನ. ಅತ್ತೆಗೆ ಮಣ್ಣಿನ ಪರೀಕ್ಷೆ ಎಂದರೆ ಬಾಟಲಿಯಿಂದ ಹನಿ ಬಿಡುವುದು, ಅದು ಮುಗಿದಿತ್ತು. ಉಳಿದ ಮಣ್ಣು ಹಬ್ಬಕ್ಕಲ್ಲದೆ ಇನ್ಯಾವುದಕ್ಕೆ?

“ಏಸು ಚೆಂದ ಆರಿಸಿ ಇಟ್ಟಿದ್ದಿ. ಓದಿದ್ರೂ ಹುಡುಗಿ ಮನಿತನ ಬಿಟ್ಟಿಲ್ಲ ಅಂತ ಓಣಿ ತುಂಬ ಹೇಳಿ ಬಂದೀನಿ,” ಎಂದಳು. “ಆ ಎರಡು ಮರಳು ಮರಳು, ಎತ್ತಿಗೆ ಬರಂಗಿಲ್ಲ, ಬಿಟ್ಟೆ. ನಡುವಿಂದು ಅರ್ಧ ಗ್ವಾದಲಿಗೆ ಆತು. ಚೀಟಿ ಮಾತ್ರ ಬಿಸಾಕಿಲ್ಲ ನೋಡು, ಏನು ಮಂತ್ರ ಬರ್ದಿದ್ದೋ ಏನೋ ಅಂತ.” ತೂಬಿನ ಮಣ್ಣಿನ ಚೀಟಿ ದೇವರ ಗೂಡಿನಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಸಿಟ್ಟು ಬಂದದ್ದು ಆಗಲೇ ಇರಬೇಕು. ತೂಬಿನ ಮಣ್ಣಿಲ್ಲದೆ ನನ್ನ ಪ್ರಬಂಧಕ್ಕೆ ಕೊನೆಯೇ ಇಲ್ಲ. ಕೆರೆಯಲ್ಲಿ ಆ ಜಾಗ ಈಗ ಎದೆಮಟ್ಟ ನೀರಿನ ಕೆಳಗಿದೆ. ಇನ್ನು ಸಿಗುವುದು ಮುಂದಿನ ಬೇಸಿಗೆಗೆ, ಎಂದರೆ ಪದವಿಯೂ ಒಂದು ವರ್ಷ ಮುಂದೆ ಹೋದಂತೆ. ಇದನ್ನೆಲ್ಲ ಅತ್ತೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕಡುಬು ಒತ್ತುವುದನ್ನು ನಿಲ್ಲಿಸಿ ಕೇಳಿದಳು. ಅವಳ ಮುಖ ಸಣ್ಣದಾಯಿತು ಎಂದು ನೆನಪು.

“ಹಂಗಾರ ಒಂದು ವರ್ಷ ಹೋತೇನು?”

“ಎತ್ತು ಕೊಟ್ರ ಹೋಗಲ್ಲ. ಇನ್ನೂ ಪೂಜಿ ಆಗಿಲ್ಲಲ್ಲ, ಈಗ್ಲೇ ಕೊಟ್ಟುಬಿಡು.”

“ಮನಿಗೆ ಬಸವಣ್ಣ ಬಂದು ಕುಂತಾನ. ಉಣ್ಣಾಕ ಕುಂತೋನ್ನ ಎಬ್ಬಿಸಿ ಕಳಿಸು ಅಂತೀಯೇನು?” ಮುಖ ಮತ್ತೆ ದೊಡ್ಡದಾಯಿತು. “ತಡಿ. ಪೂಜಿ ಆಗ್ಲಿ. ನಾಳಿ ಹುಡುಗ್ರು ಮನಿ ಮನಿ ಹೊತ್ಕಂಡು ತಿರಗ್ತಾವಲ್ಲ, ಕಾಲು ಮುರಿದೇ ಮುರೀತೈತಿ. ಕುಂಟಾದ ಮ್ಯಾಲೆ ಅದು ದೇವ್ರಲ್ಲ, ಆಟದ ಸಾಮಾನು. ಕುಂಟಾದ್ರ ನಿಂದು.”

ಹಬ್ಬದ ಮರುದಿನ ಮಕ್ಕಳು ಮಣ್ಣೆತ್ತು ಹಿಡಿದು, ನಮ್ಮ ಎತ್ತು ಕುಂಟಾಯಿತು ಎಂದು ಹಾಡು ಹೇಳಿಕೊಂಡು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಕುಂಟಾಗಲಿ ಬಿಡಲಿ, ಹಾಡು ಅದೇ. ನಮ್ಮ ಓಣಿಯ ಮಕ್ಕಳ ಹಿಂದೆ ಆ ವರ್ಷ ನಾನೂ ಹೋದೆ. ಎತ್ತು ಕೆಳಗೆ ಬಿದ್ದು ಪುಡಿಯಾಗಿ ಕೆಸರಿಗೆ ಸೇರಿದರೆ ನನ್ನ ಗತಿ ಏನು? ಆದರೆ ಕಾಲೊಂದು ಮುರಿಯಲೂ ಬೇಕು. ಬಸವಣ್ಣನ ಕಾಲು ಮುರಿಯಲಿ ಎಂದು ಬಸವಣ್ಣನನ್ನೇ ಬೇಡಿಕೊಳ್ಳುತ್ತಾ ಬಾಗಿಲು ಬಾಗಿಲಿಗೆ ನಿಂತೆ.

“ಅಯ್ಯ, ಎಂ.ಎಸ್ಸಿ. ಓದಾಕಿ ಜೋಳ ಬೇಡಾಕ ಬಂದಾಳ ನೋಡ್ರಿ!” ಎಂದು ಒಂದು ಮನೆಯ ಹೆಣ್ಣುಮಗಳು ಒಳಗೆ ಕೂಗಿ ಹೇಳಿದಳು. “ಏನವ್ವಾ, ಹಾಸ್ಟೆಲ್ನಾಗ ಕೂಳು ಹಾಕಂಗಿಲ್ಲೇನು?”

“ಮಣ್ಣು ಕಾಯಾಕ ಬಂದೀನ್ರಿ.”

“ಜ್ವಾಳ ಕಾಯೋರು ಗೊತ್ತು, ಹೆಣ್ಣು ಕಾಯೋರು ಗೊತ್ತು. ಮಣ್ಣು ಕಾಯೋರ್ನ ಇವತ್ತೇ ನೋಡಿದ್ದು.” ಆದರೂ ನನ್ನ ಸೆರಗಿಗೆ ಬೇರೆಯಾಗಿ ಒಂದು ಬೊಗಸೆ ಹಾಕಿದಳು.

ಎತ್ತಿನ ಕಾಲು ಮುರಿಯಲಿಲ್ಲ. ಜಗಲಿಯಿಂದ ಒಮ್ಮೆ ಬಿತ್ತು, ಮುರಿಯಲಿಲ್ಲ. ಮಕ್ಕಳ ಜಗ್ಗಾಟದಲ್ಲಿ ಹಾರ ಹರಿಯಿತು, ಎತ್ತು ಹಾಗೇ ಇತ್ತು. ಬೇರೆ ಮನೆಗಳ ಎತ್ತುಗಳೆಲ್ಲ ಕುಂಟಾಗಿ, ಕುರುಡಾಗಿ, ಕೋಡು ಕಳೆದುಕೊಂಡು ಬರುತ್ತಿದ್ದರೆ ನಮ್ಮವು ಸಂತೆಯಲ್ಲಿ ಕೊಂಡು ತಂದ ಹೋರಿಗಳಂತೆ ನಿಂತಿದ್ದವು. ಸಂಜೆ ಅವುಗಳನ್ನು ನೀರಿಗೆ ಬಿಡಲು ಅತ್ತೆ ಕೆರೆಗೆ ಹೊರಟಾಗ ನಾನು ಅಳುವುದೊಂದು ಬಾಕಿ.

“ಏನು ಕಲಸಿದ್ದಿ ಅತ್ತಿ, ಇಷ್ಟು ಗಟ್ಟಿ?” ಎಂದು ನಾನು ಮೊದಲ ಸಲ ಕೇಳಿದ್ದು ಆ ದಾರಿಯಲ್ಲೇ. ಉತ್ತರವನ್ನು ತಿಳಿಯಬೇಕೆಂದು ಕೇಳಿದ್ದಲ್ಲ, ದುಃಖಕ್ಕೆ ಕೇಳಿದ್ದು. ಅತ್ತೆ ಹೆಮ್ಮೆಯಿಂದ ತಲೆ ಆಡಿಸಿದಳು, ಅಷ್ಟೇ.

ಏರಿ ಇಳಿದು ನೀರಿನ ಅಂಚಿನಲ್ಲಿ ಅವಳು ನಿಂತಳು. ಹೊಸ ನೀರು, ಚಹಾದ ಬಣ್ಣ. ಎರಡೂ ಕೈಯಲ್ಲಿ ಎರಡು ಎತ್ತು. ಒಮ್ಮೆ ನೀರನ್ನು ನೋಡಿದಳು, ಒಮ್ಮೆ ನನ್ನನ್ನು.

“ಗಂಗವ್ವಗ ಒಂದು. ನಿಮ್ಮ ಮಾಸ್ತರಗ ಒಂದು,” ಎಂದು ಬಲಗೈಯ ಎತ್ತನ್ನು ನನ್ನ ಮಡಿಲಿಗಿಟ್ಟಳು.

ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಅಷ್ಟರಲ್ಲಿ ಅವಳೇ, “ತಡಿ ತಡಿ, ಜೋಡಿ ಒಡೀಬಾರ್ದು,” ಎಂದು ಕುಕ್ಕರಗಾಲಲ್ಲಿ ಕೂತು, ಅಂಚಿನ ಕೆಸರನ್ನೇ ಬಾಚಿ ಇನ್ನೊಂದು ಎತ್ತು ಮಾಡತೊಡಗಿದಳು. ಆ ಹಸಿ ಕೆಸರಿನಲ್ಲಿ ಕಾಲು ನಿಲ್ಲಲಿಲ್ಲ. ಹಿಣಿಲು ಇಟ್ಟರೆ ಜಾರಿ ಕುತ್ತಿಗೆಗೆ ಬಂತು. ಕೋಡು ಕಿವಿಯಾದವು. ಕೊನೆಗೆ ಆದದ್ದು ಎತ್ತೋ ಆಮೆಯೋ ಹೇಳಲಾಗದಂಥ ಒಂದು ಪ್ರಾಣಿ.

“ಇದೇನಾತು?” ಎಂದೆ.

“ಮಾಸ್ತರಗ ಚಲೋದು ಹೋತಲ್ಲ. ಗಂಗವ್ವ ಹೊಂದಿಸಿಕೊಳ್ತಾಳ, ಹೆಂಗಸು,” ಎಂದು ಆ ಆಮೆ ಎತ್ತನ್ನೂ ಒಳ್ಳೆಯ ಎತ್ತನ್ನೂ ಜೊತೆಯಾಗಿ ನೀರಿಗೆ ಬಿಟ್ಟು ಕೈಮುಗಿದಳು. ಮುಗಿದ ಕೈ ಇಳಿಸುವ ಮೊದಲೇ ಇಬ್ಬರಿಗೂ ನಗು ಬಂತು. ಏರಿಯ ಮೇಲೆ ಹೋಗಿ ಕೂತು ನಕ್ಕೆವು. ಇದೇ ನನ್ನ ನೆನಪಿನ ನಗು, ದಿನಚರಿಯಲ್ಲಿ ಇಲ್ಲದ್ದು.

ಎತ್ತನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಲು ಅತ್ತೆ ಬಿಡಲಿಲ್ಲ, ಉಸಿರು ಕಟ್ಟುತ್ತದಂತೆ. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೊಸಪೇಟೆ ಬಸ್ಸು ಹತ್ತಿದೆ. ಉಳಿದ ಮೂರು ಮಣ್ಣು ಚೀಲದಲ್ಲಿದ್ದವು.

“ಅದೇನ್ರಿ ಚೀಲದಾಗ?” ಎಂದರು ಕಂಡಕ್ಟರು.

“ಮಣ್ರೀ.”

“ತೊಡಿ ಮ್ಯಾಲೆ?”

“ಎತ್ತು.”

ಅವರು ಟವೆಲ್ ಸರಿಸಿ ನೋಡಿದರು. ಬಸ್ಸಿನವರೆಲ್ಲ ಬಗ್ಗಿ ನೋಡಿದರು. “ಹೊಲ ಐತಿ, ಎತ್ತೈತಿ. ಇನ್ನೊಂದು ಎತ್ತಾದ್ರ ಕಮತ ಶುರು ಮಾಡಬಹುದಲ್ರಿ,” ಎಂದು ಟಿಕೀಟು ಹರಿದರು. ಎತ್ತಿಗೆ ಕಿಟಕಿಯ ಹತ್ತಿರ ಗಾಳಿ ಬೇಕೆಂದು ಪಕ್ಕದ ಅಜ್ಜಿಯೊಬ್ಬರು ಜಾಗ ಬದಲಿಸಿಕೊಟ್ಟರು.

ಪ್ರಯೋಗಾಲಯದಲ್ಲಿ ನನ್ನ ಮೇಷ್ಟ್ರು ಎತ್ತನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. “ಏನವಾ ಇದು? ಸ್ಯಾಂಪಲ್ ತಾ ಅಂದ್ರ ಎತ್ತ ತಂದೀಯಲ್ಲ?” ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜವಾನರನ್ನು ಕರೆದು ಚಹಾ ತರಿಸಿ, ಇನ್ನೊಮ್ಮೆ ಮೊದಲಿಂದ ಹೇಳು ಎಂದರು.

ಮೇಲಿನ ಸುಣ್ಣ ಕೆರೆದು ಬಿಸಾಕಿ, ಹೊಟ್ಟೆಯ ಕೆಳಗಿಂದ ತೂತು ಕೊರೆದು ಒಳಗಿನ ಮಣ್ಣನ್ನಷ್ಟೇ ತೆಗೆದೆ. ಎತ್ತು ನಿಂತೇ ಇತ್ತು. ನಾಲ್ಕೂ ಮಣ್ಣನ್ನು ಅರೆದು, ಜರಡಿ ಹಿಡಿದು, ಒಂದೊಂದೇ ಪರೀಕ್ಷೆ ಮಾಡಿದೆ. ರಂಜಕದ ಪರೀಕ್ಷೆಯಲ್ಲಿ ದ್ರಾವಣಕ್ಕೆ ನೀಲಿ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಹಳ್ಳದ ಬಾಯಿಯದು ತೊಳೆದ ಆಕಾಶದಂತೆ ತೆಳು. ಒಳಗಿನದು ಒಂದು ಬಣ್ಣ ಮೇಲೆ. ನಡುಗೆರೆಯದು ಇನ್ನೊಂದು. ನಾನು ಎಣಿಸಿದಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಎತ್ತಿನದು ಬರೆಯುವ ಶಾಯಿಯಂತೆ ಕಪ್ಪು ನೀಲಿ. ಪೊಟ್ಯಾಸಿಯಮ್ಮೂ ಹಾಗೇ ನೆಗೆದಿತ್ತು. ನಕ್ಷೆಯ ಹಾಳೆಯಲ್ಲಿ ಮೂರು ಚುಕ್ಕೆ ಸಾಧುವಾಗಿ ಏರಿ, ನಾಲ್ಕನೆಯದು ಮೇಲೆಲ್ಲೋ ಕೂತಿತು.

“ಎತ್ತು ಬೇಲಿ ಹಾರೇತಿ,” ಎಂದರು ಮೇಷ್ಟ್ರು. ಒಳಗಿನ ಮಣ್ಣಿನ ಮೇಲೆ ಒಂದು ಹನಿ ಆಮ್ಲ ಬಿಟ್ಟರು. ಸಣ್ಣಗೆ ನೊರೆ ಬಂತು. “ಚಿಪ್ಪಿನ ಪುಡಿ ಇರಬಹುದು. ಬೂದಿ ಇರಬಹುದು. ಬೂದಿಯಾಗ ಪೊಟ್ಯಾಸಿಯಂ ಇರತೈತಿ, ರಂಜಕ ಇರತೈತಿ. ಅಥವಾ ನಿಮ್ಮ ಕೆರಿ ಖರೇನ ಹಂಗ ಐತಿ. ನಿಮ್ಮ ಅತ್ತೀನ ಕೇಳು.”

ಅಪ್ಪನಿಗೆ ಬರೆದೆ. ‘ಅಕ್ಕ ನಗುತ್ತಾಳೆ, ಏನೂ ಹೇಳುವುದಿಲ್ಲ’ ಎಂದು ಅಪ್ಪ ಉತ್ತರಿಸಿದರು. ಮೇಷ್ಟ್ರು ಕೊನೆಗೆ, ಎತ್ತಿನ ಅಂಕಿಯನ್ನು ಹಾಕು, ಕೆಳಗೆ ‘ಈ ಮಣ್ಣನ್ನು ಮನೆಯಲ್ಲಿ ಕಲಸಲಾಗಿತ್ತು’ ಎಂದು ಟಿಪ್ಪಣಿ ಬರೆ ಎಂದರು. ಬರೆದೆ. ಪಾಸಾದೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು, ಎತ್ತು ಪಾಸಾಯಿತು ಎಂದು.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಶ್ನೆಯನ್ನು ನಾನು ಮರೆಯುತ್ತಿದ್ದೆನೋ ಏನೋ. ದಸರೆಗೆ ಊರಿಗೆ ಹೋದಾಗ ಎತ್ತಿನ ಹೊಟ್ಟೆಯಲ್ಲಿ ಸಿಕ್ಕ ನೀಲಿಯ ಬಗ್ಗೆ ಅತ್ತೆಗೆ ಹೇಳಿದ್ದೆ, ಬಾಯಿ ಬಿಡಿಸಬಹುದೆಂಬ ಆಸೆಯಿಂದ. ಅವಳು ನನಗೆ ಬಾಯಿ ಬಿಡಲಿಲ್ಲ, ಊರಿಗೆ ಬಿಟ್ಟಳು. ತೂಬಿನ ಗೋಡಿನಲ್ಲಿ ಬೇರೆಲ್ಲೂ ಇಲ್ಲದ ಸತ್ವ ಇದೆಯೆಂದು ಯೂನಿವರ್ಸಿಟಿಯವರು ಬರೆದಿದ್ದಾರೆ ಎಂಬ ಸುದ್ದಿ ಕೊಟ್ಟೂರು ಸಂತೆಯವರೆಗೂ ಹೋಯಿತು. ಟಿಪ್ಪಣಿಯ ಸುದ್ದಿ ಹೋಗಲಿಲ್ಲ. ಮುಂದಿನ ಬೇಸಿಗೆ ಕೆರೆ ಬತ್ತಲಿಲ್ಲ. ಅದರಾಚೆಯ ಬೇಸಿಗೆ ಬತ್ತಿದಾಗ ನಾನು ಮತ್ತೆ ಸಲಿಕೆ ಹಿಡಿದು ಓಡಿ ಬಂದೆ, ಅನುಮಾನ ಪರಿಹಾರವಾಗಲಿ ಎಂದು. ತೂಬಿನ ಹತ್ತಿರ ಗಾಡಿಗಳು ಆಗಲೇ ಬಂದು ಹೋಗಿದ್ದವು. ಮಣ್ಣನ್ನೆಲ್ಲ ಬಾಚಿ ತೆಗೆದಿದ್ದರಿಂದ ಕೆಳಗಿನ ಗಟ್ಟಿ ಮೊರಂ ಕಾಣುತ್ತಿತ್ತು. ಪರೀಕ್ಷೆಗೆ ಒಂದು ಬೊಗಸೆಯೂ ಉಳಿದಿರಲಿಲ್ಲ. ತೆಂಗಿನ ಚಿಪ್ಪಿನ ಮಾತಾಡಿದ್ದ ಗಾಡಿಯವರೇ ಸಿಕ್ಕಿ, “ನಿಮ್ಮ ಎತ್ತಿನ ಗೋಡು ಹೊಡದೀವಿ ನೋಡವ್ವಾ,” ಎಂದರು.

ಆ ವರ್ಷ ಜೋಳ ಆಳೆತ್ತರ ಬಂತು. ಮಳೆಯೂ ಚೆನ್ನಾಗಿ ಆಗಿತ್ತು. ನಾನು ಮಳೆಯೇ ಕಾರಣ ಎಂದರೆ ಯಾರೂ ಕೇಳುತ್ತಿರಲಿಲ್ಲ. ಅತ್ತೆಯ ಗಂಡ ಹಸಿ ತೆನೆ ಸುಟ್ಟು ಸೀತನಿ ಮಾಡಿ ಕೊಡುತ್ತಾ, “ತಿನ್ನು, ನಿಂದೇ ಪುಣ್ಯ,” ಎಂದರು. ತಿಂದೆ. ಬಹಳ ಸಿಹಿಯಿತ್ತು. ಆದರೆ ಬಾಯಿ ತುಂಬ ತೆನೆ ಇಟ್ಟುಕೊಂಡೂ ಒಂದೇ ಯೋಚನೆ: ಇಡೀ ಊರು ಹೊತ್ತು ಹಾಕಿದ್ದು ಕೆರೆಯ ಸತ್ವವನ್ನೋ, ಅಥವಾ ಅತ್ತೆಯ ಒಲೆಯ ಒಂದು ಹಿಡಿ ಬೂದಿಯ ಕೀರ್ತಿಯನ್ನೋ?

ಆಮೇಲೆ ನಾನು ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಎಷ್ಟೋ ಕೆರೆಗಳ ಮಣ್ಣು ನೋಡಿದೆ, ಹಡಗಲಿ ಕಡೆಯ ಎರೆ ಕೆರೆಗಳದೂ ಸೇರಿ. ತೂಬಿನ ಮಣ್ಣು ಎಲ್ಲ ಕಡೆಯೂ ಹೆಚ್ಚು ಸತ್ವದ್ದೇ. ಆ ಎತ್ತಿನಷ್ಟು ಎಲ್ಲೂ ಸಿಗಲಿಲ್ಲ, ಆದರೆ ಅದರ ಹತ್ತಿರಕ್ಕೆ ಬಂದದ್ದುಂಟು. ಆದ್ದರಿಂದ ನಮ್ಮ ಕೆರೆಯನ್ನು ಸುಳ್ಳು ಎನ್ನಲಾರೆ, ಅತ್ತೆಯನ್ನು ನಂಬಲಾರೆ. ಎತ್ತು ಈಗಲೂ ನನ್ನ ಪುಸ್ತಕದ ಕಪಾಟಿನ ಮೇಲಿದೆ, ಹೊಟ್ಟೆಯಲ್ಲಿ ತೂತು, ನಾಲ್ಕು ಕಾಲೂ ಗಟ್ಟಿ. ಕಣ್ಣುಗಳು ಎಂದೋ ಉದುರಿ ಹೋಗಿವೆ, ಜೋಳವೋ ಗುಲಗಂಜಿಯೋ ಹೇಳಲು ಸಾಕ್ಷಿಯೂ ಇಲ್ಲ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಹಲ್ಲು ಹೋಗಿವೆ, ಕಿವಿ ಮಂದ, ಚೇಷ್ಟೆ ಮಾತ್ರ ಹಾಗೇ ಇದೆ. ಎಲೆಗೆ ಸುಣ್ಣ ಸವರುತ್ತಿದ್ದಳು. ಪಕ್ಕದಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಯಿಟ್ಟು, ಈ ಸಲ ಬಿಡಬಾರದೆಂದು ಗಟ್ಟಿಯಾಗಿಯೇ ಕೇಳಿದೆ. ಅವಳಿಗೆ ಕೇಳಿಸಿತು ಎಂದು ನನಗೆ ಖಾತ್ರಿ. ಸುಣ್ಣದ ಬೆರಳನ್ನು ನನ್ನ ಮೂಗಿನ ತುದಿಗೆ ಒರೆಸಿ, ಎಲೆ ಮಡಚಿ ಬಾಯಿಗಿಟ್ಟುಕೊಂಡು, ಕೆರೆಯ ಕಡೆ ನೋಡುತ್ತಾ ಅಗಿಯತೊಡಗಿದಳು.

“ಅತ್ತೀ, ಖರೇ ಹೇಳು. ಅವತ್ತು ಆ ಎತ್ತಿನ ಮಣ್ಣಾಗ ಏನು ಕಲಸಿದ್ದಿ?”